ಕೂದಲೆಳೆಯಷ್ಟು ಸವೆತ, ಒಂದು ಮುರಿದ ಕೈ

ಇವತ್ತು ರಾಜಕೀಯ ಇಲ್ಲ. ಸೈಕಲ್ ಚೈನ್ ಬಗ್ಗೆ ಮಾತಾಡೋಣ. ನಗಬೇಡಿ. ಈ ವಿಷಯ ಯಾಕೆ ಎತ್ತಿಕೊಂಡೆ ಅಂದ್ರೆ, ಹೋದ ವರ್ಷ ದೀಪಾವಳಿ ರಜೆಯಲ್ಲಿ ನನ್ನ ಅಕ್ಕನ ಮಗ ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ಆರು ವಾರ ಪ್ಲಾಸ್ಟರ್. ಪಿಯುಸಿ ಓದುವ ಹುಡುಗ, ಅದೂ ಬಲಗೈ. ಬಿದ್ದಿದ್ದು ನನ್ನ ಸೈಕಲ್ಲಿನಿಂದ. ಆ ಸೈಕಲ್ಲಿಗೆ ಹಿಂದಿನ ದಿನ ಹೊಸ ಚೈನ್ ಹಾಕಿದ್ದು ನಾನೇ. ದಿನಾ ರಾತ್ರಿ ಇಲ್ಲಿ ಕೂತು ಬೇರೆಯವರ ತಪ್ಪುಗಳ ಪಟ್ಟಿ ಓದುವ ನಾನು, ನನ್ನದೊಂದು ತಪ್ಪನ್ನು ಹೇಳಿಕೊಳ್ಳದೇ ಹೋದರೆ ಹೇಗೆ?

ನನ್ನದು ಮೌಂಟೇನ್ ಬೈಕ್. ಹಾಗಂದ್ರೆ ಮೋಟಾರ್ ಇರೋ ಬೈಕ್ ಅಲ್ಲ, ಗುಡ್ಡಗಾಡಿನಲ್ಲಿ ಓಡಿಸೋಕೆ ಅಂತಲೇ ಮಾಡಿದ ದಪ್ಪ ಟೈರಿನ ಸೈಕಲ್. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಹನ್ನೆರಡು. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಓಡಿಸ್ತೀನಿ. ರಜೆ ಸಿಕ್ಕರೆ ಕಾರಿನ ಹಿಂದೆ ಕಟ್ಟಿಕೊಂಡು ಸಕಲೇಶಪುರದ ಕಡೆ, ಅಕ್ಕನ ಮನೆಗೆ. ಅಲ್ಲಿನ ಎಸ್ಟೇಟ್ ರಸ್ತೆಗಳಲ್ಲಿ ಎರಡು ಮಳೆಗಾಲ ಆ ಸೈಕಲ್ಲನ್ನು ಕೆಸರಿನಲ್ಲಿ ಉರುಳಿಸಿದ್ದೀನಿ. ಚೈನಿಗೆ ಆಗಾಗ ಎಣ್ಣೆ ಬಿಟ್ಟಿದ್ದು ಬಿಟ್ಟರೆ ಏನೂ ಮಾಡಿರಲಿಲ್ಲ. ಹೋದ ದೀಪಾವಳಿಗೆ ಮುಂಚೆ ಚೈನ್ ತುಂಬಾ ಕಿರುಗುಡೋಕೆ ಶುರುವಾಯ್ತು. ಸರಿ, ಹೊಸದು ತಂದು ಹಾಕಿದೆ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ಪೆಡಲ್ ತಿರುಗಿಸಿ ನೋಡಿದೆ. ಹನ್ನೆರಡೂ ಗೇರ್ ಬೆಣ್ಣೆ ಹಾಗೆ ಬಿದ್ದವು. ಮಾರನೇ ದಿನ ಹುಡುಗ ಬಂದ. “ಮಾಮ, ಒಂದು ರೌಂಡ್ ಹೋಗಿ ಬರ್ಲಾ?” ಹೋಗು ಅಂದೆ.

ಮನೆ ಮುಂದಿನ ಏರು ಹತ್ತುವಾಗ ಅವನು ಸೀಟು ಬಿಟ್ಟು ಎದ್ದು ನಿಂತು ಪೆಡಲ್ ಒತ್ತಿದ. ಕಟಕ್ ಅಂತ ಒಂದು ಸದ್ದು. ಪೆಡಲ್ ಮೇಲಿದ್ದ ಕಾಲು ಆಸರೆ ಇಲ್ಲದೆ ಕೆಳಗೆ ಹೋಯ್ತು, ಎದೆ ಹ್ಯಾಂಡಲ್ಲಿಗೆ ಬಡಿಯಿತು, ಹುಡುಗ ಕಲ್ಲಿನ ಮೇಲೆ ಕೈಯೂರಿ ಬಿದ್ದ. ಓಡಿ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಚೈನ್ ಕಟ್ ಆಯ್ತಾ?” ಇಲ್ಲ. ಚೈನ್ ಕಟ್ ಆಗಿರಲಿಲ್ಲ. ಬಿದ್ದಿದ್ದ ಸೈಕಲ್ಲಿನಲ್ಲಿ ಬೆಳಿಗ್ಗೆ ಇದ್ದಷ್ಟೇ ಹೊಳೆಯುತ್ತಾ ಇತ್ತು. ಹಾಗಾದ್ರೆ ಆಗಿದ್ದೇನು? ಆಸ್ಪತ್ರೆಯಿಂದ ಬಂದ ಮೇಲೆ ರಾತ್ರಿ ಕೂತು ಅದನ್ನೇ ಯೋಚಿಸಿದೆ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ್ದಕ್ಕೆ ಅವತ್ತು ನಾಚಿಕೆ ಆಯ್ತು.

ನೋಡಿ, ಚೈನ್ ಅಂದ ತಕ್ಷಣ ನಮಗೆಲ್ಲ ಬರೋ ಭಯ ತುಂಡಾಗೋದು. ಒಂದು ಸಣ್ಣ ಲೆಕ್ಕ ಮಾಡೋಣ. 70 ಕೆಜಿ ತೂಕದ ಮನುಷ್ಯ ಇಡೀ ಭಾರವನ್ನು ಒಂದೇ ಪೆಡಲ್ ಮೇಲೆ ಹಾಕಿ ನಿಂತ ಅಂದುಕೊಳ್ಳಿ. ಪೆಡಲ್ ಕಡ್ಡಿ, ಅಂದ್ರೆ ಕ್ರ್ಯಾಂಕ್, ಅದರ ಉದ್ದ 170 ಮಿಲಿಮೀಟರ್. ಮುಂದಿನ ಚಕ್ರಕ್ಕೆ 32 ಹಲ್ಲು ಇದ್ದರೆ ಅದರ ತ್ರಿಜ್ಯ ಸುಮಾರು 65 ಮಿಲಿಮೀಟರ್. ಇದು ಸನ್ನೆಕೋಲಿನ ಲೆಕ್ಕ. ಚೈನಿನ ಮೇಲೆ ಬೀಳುವ ಎಳೆತ ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದ್ರೆ ಸುಮಾರು 180 ಕೆಜಿ. ಮುಂದೆ ಮೂರು ಚಕ್ರ ಇರುವ ಹಳೇ ಮೌಂಟೇನ್ ಬೈಕುಗಳಲ್ಲಿ ಅತಿ ಸಣ್ಣದಕ್ಕೆ 22 ಹಲ್ಲು ಇರುತ್ತಿತ್ತು. ಅದರಲ್ಲಿ ಹತ್ತಿದರೆ ಎಳೆತ 260 ಕೆಜಿ ದಾಟುತ್ತೆ. ಸಾಮಾನ್ಯ ಸೈಕಲ್ಲಿಗಿಂತ ಬೆಟ್ಟ ಹತ್ತೋ ಸೈಕಲ್ಲಿನ ಚೈನಿಗೆ ಯಾಕೆ ಹೆಚ್ಚು ಕಷ್ಟ ಅನ್ನೋದಕ್ಕೆ ಇದು ಮೊದಲನೇ ಕಾರಣ.

ಆದರೂ ಒಂದು ಹೊಸ ಚೈನ್ ಸುಮಾರು 800 ಕೆಜಿ ಎಳೆತ ತಡೆಯಬೇಕು ಅನ್ನೋದು ತಯಾರಕರು ಪಾಲಿಸುವ ಮಟ್ಟ. ಖಾಲಿ ಮಾರುತಿ 800 ಕಾರನ್ನು ಅದಕ್ಕೆ ನೇತುಹಾಕಿದರೂ ಲೆಕ್ಕದ ಪ್ರಕಾರ ತಡೆಯಬೇಕು. ಅಂದ್ರೆ ನಾವು ನೇರವಾಗಿ ಎಷ್ಟೇ ತುಳಿದರೂ ಚೆನ್ನಾಗಿರೋ ಚೈನ್ ತುಂಡಾಗೋದು ಕಷ್ಟ. ಚೈನ್ ಸಾಯೋದು ಬೇರೆ ಥರ. ಸದ್ದಿಲ್ಲದೆ, ಒಳಗಿನಿಂದ.

ನಮ್ಮ ಸೈಕಲ್ ಶಾಪಿನವರು “ಸಾರ್, ಚೈನ್ ಹಿಗ್ಗಿದೆ” ಅಂತಾರೆ. ಆ ಮಾತು ಎಲ್ಲ ಕಡೆ ಚಾಲ್ತಿಯಲ್ಲಿದೆ. ಆದರೆ ಉಕ್ಕಿನ ಪಟ್ಟಿ ರಬ್ಬರ್ ಥರ ಹಿಗ್ಗೋದಿಲ್ಲ. ನನ್ನ ಚೈನಿನಲ್ಲಿ 120 ಕೊಂಡಿ. ಒಂದೊಂದು ಕೊಂಡಿಗೆ ಒಂದು ಪಿನ್, ಒಂದು ರೋಲರ್, ಎರಡು ಪಟ್ಟಿ. ಒಟ್ಟು 480 ಬಿಡಿ ಭಾಗ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು, ಅಂದ್ರೆ 12.7 ಮಿಲಿಮೀಟರ್. ಚೈನ್ ಹಲ್ಲುಚಕ್ರದ ಮೇಲೆ ಬಾಗುವಾಗ ಪ್ರತಿ ಪಿನ್ನೂ ತನ್ನ ತೂತಿನಲ್ಲಿ ಚೂರು ತಿರುಗುತ್ತೆ. ಮುಂದಿನ ಚಕ್ರಕ್ಕೆ ಏರುವಾಗ ಒಂದು ಸಲ, ಇಳಿಯುವಾಗ ಒಂದು ಸಲ. ಹಿಂದಿನ ಚಕ್ರದಲ್ಲಿ ಹಾಗೇ ಎರಡು ಸಲ. ಗೇರ್ ಬದಲಿಸುವ ಡಿರೈಲರ್‌ನ ಎರಡು ಪುಟ್ಟ ಚಕ್ರಗಳಲ್ಲಿ ನಾಲ್ಕು ಸಲ. ಒಂದು ಸುತ್ತಿಗೆ ಎಂಟು. ನಿಮಿಷಕ್ಕೆ 80 ಸಲ ಪೆಡಲ್ ತಿರುಗಿಸಿದರೆ ಪ್ರತಿ ಕೊಂಡಿಯೂ ಗಂಟೆಗೆ ಹತ್ತು ಸಾವಿರ ಸಲ ಬಾಗುತ್ತೆ ಇಲ್ಲವೇ ನೇರವಾಗುತ್ತೆ. ಹೀಗೆ ಪಿನ್ನೂ ತೂತೂ ಉಜ್ಜಿ ಉಜ್ಜಿ ಸವೆಯುತ್ತವೆ. ಹಳೇ ಮನೆಯ ಬಾಗಿಲ ಕೀಲು ಸವೆದು ಬಾಗಿಲು ಕೆಳಗೆ ಜಗ್ಗುತ್ತಲ್ಲ, ಹಾಗೆ. ಬಾಗಿಲು ಉದ್ದ ಆಗಿರೋದಿಲ್ಲ, ಕೀಲು ಸಡಿಲ ಆಗಿರುತ್ತೆ.

ಎಷ್ಟು ಸವೆದರೆ ಚೈನ್ ಬದಲಿಸಬೇಕು? 11, 12 ಗೇರಿನ ಚೈನಿಗೆ ಹೇಳೋದು ಅರ್ಧ ಪರ್ಸೆಂಟ್. ಅದಕ್ಕಿಂತ ಕಡಿಮೆ ಗೇರಿನವಕ್ಕೆ ಮುಕ್ಕಾಲು ಪರ್ಸೆಂಟ್. 12.7 ಮಿಲಿಮೀಟರಿನಲ್ಲಿ ಅರ್ಧ ಪರ್ಸೆಂಟ್ ಅಂದ್ರೆ 0.06 ಮಿಲಿಮೀಟರ್. ಒಂದು ಕೂದಲೆಳೆಯ ದಪ್ಪ! ಕಣ್ಣಿಗೆ ಕಾಣೋದೇ ಇಲ್ಲ. ಆದರೆ 120 ಕೊಂಡಿಗಳ ಕೂದಲೆಳೆ ಸೇರಿಸಿ. ಇಡೀ ಚೈನ್ ಏಳೂವರೆ ಮಿಲಿಮೀಟರ್ ಉದ್ದ ಆಗಿರುತ್ತೆ.

ಸರಿ, ಉದ್ದ ಆದ್ರೆ ಆಗಲಿ, ಏನೀಗ? ಇಲ್ಲೇ ಇರೋದು ವಿಷಯ. ಚೈನಿನ ಕೊಂಡಿಗೂ ಚಕ್ರದ ಹಲ್ಲಿಗೂ ಅಳತೆ ಒಂದೇ ಇದ್ದಾಗ ಭಾರ ಹಲವು ಹಲ್ಲುಗಳ ಮೇಲೆ ಹಂಚಿಹೋಗುತ್ತೆ. ಕೊಂಡಿ ಉದ್ದ ಆದಾಗ ಅಳತೆ ತಪ್ಪುತ್ತೆ. ರೋಲರ್ ಹಲ್ಲಿನ ಬುಡದಲ್ಲಿ ಕೂರೋ ಬದಲು ಸ್ವಲ್ಪ ಮೇಲಕ್ಕೆ ಏರಿ ಕೂರುತ್ತೆ. ಭಾರ ಒಂದೆರಡು ಹಲ್ಲಿನ ಮೇಲೇ ಬೀಳುತ್ತೆ. ಆ ಹಲ್ಲುಗಳು ಒಂದು ಪಕ್ಕದಲ್ಲಿ ತೋಡಿಹೋಗಿ ಕುಡುಗೋಲಿನ ತುದಿ ಥರ ಬಾಗಿದ ಆಕಾರಕ್ಕೆ ಬರ್ತವೆ. ಸವೆದ ಚೈನ್ ಚಕ್ರದ ಹಲ್ಲನ್ನು ತನ್ನ ಅಳತೆಗೆ ತಕ್ಕಂತೆ ಕೆತ್ತಿಕೊಳ್ಳುತ್ತೆ. ತಮಾಷೆ ಅಂದ್ರೆ, ಹಾಗೆ ಕೆತ್ತಿಕೊಂಡ ಮೇಲೆ ಅವೆರಡೂ ಜೊತೆಯಾಗಿ ಚೆನ್ನಾಗೇ ಓಡ್ತವೆ. ಸವಾರನಿಗೆ ಏನೂ ಗೊತ್ತಾಗೋದಿಲ್ಲ.

ಗೊತ್ತಾಗೋದು ಯಾವಾಗ? ಹೊಸ ಚೈನ್ ಹಾಕಿದಾಗ. ಹೊಸ ಚೈನಿನ ಅಳತೆ ಸರಿಯಾಗಿ 12.7. ಹಲ್ಲುಗಳು ಸವೆದಿರೋದು ಹಳೇ ಚೈನಿನ ಅಳತೆಗೆ. ರೋಲರ್ ಸರಿಯಾಗಿ ಕೂರೋದಿಲ್ಲ. ಕೈಯಲ್ಲಿ ತಿರುಗಿಸಿದರೆ, ಸಮತಟ್ಟು ರಸ್ತೆಯಲ್ಲಿ ಆರಾಮಾಗಿ ಹೋದರೆ ಏನೂ ಆಗದೇ ಇರಬಹುದು. ಯಾರಾದರೂ ಎದ್ದು ನಿಂತು ಜೋರಾಗಿ ತುಳಿದರೆ ರೋಲರ್ ಆ ಬಾಗಿದ ಹಲ್ಲಿನ ಮೇಲೆ ಜಾರಿ ಮುಂದಿನ ಹಲ್ಲಿಗೆ ಹಾರುತ್ತೆ. ಕಟಕ್! ಅಕ್ಕನ ಮಗನ ವಿಷಯದಲ್ಲಿ ಆಗಿದ್ದು ಇಷ್ಟೇ. ಅವತ್ತು ರಾತ್ರಿ ನಾನು ಕಸದ ಬುಟ್ಟಿಯಿಂದ ಹಳೇ ಚೈನ್ ತೆಗೆದು ಅಳೆದೆ. ಒಂದು ಪರ್ಸೆಂಟ್ ದಾಟಿತ್ತು. ಅರ್ಧ ಪರ್ಸೆಂಟಿಗೆ ತೆಗೀಬೇಕಾದ ಚೈನ್ ಅದರ ಎರಡರಷ್ಟು ಸವೆದಿತ್ತು. ನಾನು ಹೆಚ್ಚು ಬಳಸುತ್ತಿದ್ದ ನಡುವಿನ ಎರಡು ಗೇರುಗಳ ಹಲ್ಲು ಟಾರ್ಚ್ ಹಾಕಿ ನೋಡಿದರೆ ಕೊಕ್ಕೆ ಥರ ಕಾಣ್ತಿತ್ತು. ಹಿಂದಿನ ದಿನವೇ ಆ ಟಾರ್ಚ್ ಹಾಕಿದ್ದರೆ ಎಲ್ಲ ಮುಗೀತಿತ್ತು.

ಇಲ್ಲಿ ನಮ್ಮಪ್ಪನ ಮಾತು ಬರುತ್ತೆ. “ನನ್ನ ಸೈಕಲ್ಲಿನ ಚೈನ್ ಎಷ್ಟು ವರ್ಷ ಬಂತು, ನಿಂದ್ಯಾಕೋ ಎರಡೇ ವರ್ಷಕ್ಕೆ ಹೋಯ್ತು? ಅಷ್ಟು ದುಡ್ಡು ಕೊಟ್ಟು ತಗೊಂಡಿದ್ದಲ್ವಾ?” ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ಅಪ್ಪನ ಕಪ್ಪು ಸೈಕಲ್ಲಿಗೆ ಚೈನ್ ಪೂರ್ತಿ ಮುಚ್ಚುವ ಕವರ್ ಇತ್ತು. ಧೂಳು, ನೀರು ಒಳಗೆ ಹೋಗುತ್ತಲೇ ಇರಲಿಲ್ಲ. ಗೇರ್ ಇಲ್ಲ, ಹಾಗಾಗಿ ಚೈನ್ ಯಾವಾಗಲೂ ನೇರ ಗೆರೆಯಲ್ಲಿ. ಮುಂದೆ 44 ಹಲ್ಲು, ಹಿಂದೆ 18. ಹದಿನೆಂಟು ಹಲ್ಲಿನ ಚಕ್ರದ ಮೇಲೆ ಒಂದೊಂದು ಕೊಂಡಿ 20 ಡಿಗ್ರಿ ಬಾಗುತ್ತೆ. ನನ್ನ ಸೈಕಲ್ಲಿನ ಅತಿ ಸಣ್ಣ ಚಕ್ರಕ್ಕೆ ಹತ್ತೇ ಹಲ್ಲು. ಅಲ್ಲಿ 36 ಡಿಗ್ರಿ. ಹೆಚ್ಚು ಬಾಗಿದಷ್ಟೂ ಹೆಚ್ಚು ಉಜ್ಜುತ್ತೆ. ಅತಿ ದೊಡ್ಡ 51 ಹಲ್ಲಿನ ಚಕ್ರಕ್ಕೆ ಹೋದರೆ ಬಾಗೋದು ಏಳೇ ಡಿಗ್ರಿ, ಆದರೆ ಆಗ ಚೈನ್ ಓರೆಯಾಗಿ ಓಡುತ್ತೆ. ಅಪ್ಪನ ಸೈಕಲ್ ಪೇಟೆಗೆ ಹೋಗಿ ಬರ್ತಿತ್ತು. ನನ್ನದು ಕೆಸರು ಹೊತ್ತು ಗುಡ್ಡ ಹತ್ತುತ್ತೆ. ಇಷ್ಟೆಲ್ಲ ವ್ಯತ್ಯಾಸದ ನಡುವೆ ಒಂದು ಮಾತ್ರ ಬದಲಾಗಿಲ್ಲ. ಎರಡರಲ್ಲೂ ಕೊಂಡಿಯ ಅಳತೆ ಅದೇ ಅರ್ಧ ಇಂಚು.

ಈ ರೋಲರ್ ಚೈನ್ ಹುಟ್ಟಿದ್ದು ಗುಡ್ಡಕ್ಕಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ನೆಲೆಸಿದ ಹಾನ್ಸ್ ರೆನಾಲ್ಡ್ 1880ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಮಾಡಿದ ರೋವರ್ ಸೈಕಲ್ ಚೈನಿನ ಮೂಲಕ ಹಿಂದಿನ ಚಕ್ರ ತಿರುಗಿಸಿತು. ಇವತ್ತಿನ ಸೈಕಲ್ಲಿನ ರೂಪ ಬಂದಿದ್ದು ಅಲ್ಲಿಂದ. ಅದನ್ನು ಗುಡ್ಡಕ್ಕೆ ಹತ್ತಿಸಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಹುಡುಗರು, 1970ರ ದಶಕದಲ್ಲಿ. ಹಳೇ ದಪ್ಪ ಟೈರಿನ ಸೈಕಲ್ಲುಗಳನ್ನು ಬೆಟ್ಟದ ಮೇಲೆ ಒಯ್ದು ಕೆಳಕ್ಕೆ ಬಿಡ್ತಿದ್ದರು. 1976ರಲ್ಲಿ ಶುರುವಾದ ಅವರ ಓಟದ ಹೆಸರು ‘ರಿಪ್ಯಾಕ್’. ಇಳಿಜಾರಿನಲ್ಲಿ ಬ್ರೇಕ್ ಹಿಡಿದೂ ಹಿಡಿದೂ ಚಕ್ರದ ಹಬ್ಬಿನೊಳಗಿನ ಗ್ರೀಸ್ ಸುಟ್ಟುಹೋಗಿ, ಪ್ರತಿ ಸಲ ಹೊಸದಾಗಿ ತುಂಬಬೇಕಾಗುತ್ತಿದ್ದದ್ದರಿಂದ ಆ ಹೆಸರು. 1996ರ ಅಟ್ಲಾಂಟಾ ಒಲಿಂಪಿಕ್ಸ್ ಹೊತ್ತಿಗೆ ಮೌಂಟೇನ್ ಬೈಕಿಂಗ್ ಪದಕದ ಆಟ ಆಯ್ತು. ಗೇರುಗಳು ಹೆಚ್ಚಿದವು, ಚೈನ್ ತೆಳ್ಳಗಾಯ್ತು. ಎಂಟು ಗೇರಿನ ಚೈನಿನ ಅಗಲ ಏಳು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, ಹನ್ನೆರಡು ಗೇರಿನದು ಐದೂಕಾಲರ ಆಸುಪಾಸು.

ಹಾಗಾದ್ರೆ ತೆಳ್ಳಗಿನ ಚೈನ್ ಬೇಗ ಸವೆಯುತ್ತಾ? ಹಾಗೇನಿಲ್ಲ. ಅಗಲ ಕಡಿಮೆಯಾಗಿದ್ದು ಬಹುಪಾಲು ಪಟ್ಟಿಗಳ ದಪ್ಪ ಮತ್ತು ಹೊರಗೆ ಚಾಚುವ ಪಿನ್ನಿನ ತುದಿಯಲ್ಲಿ. ಬಾಳಿಕೆ ನಿಂತಿರೋದು ಪಿನ್ನಿನ ಮೇಲ್ಮೈ ಎಷ್ಟು ಗಟ್ಟಿ, ಎಷ್ಟು ನಯ ಅನ್ನೋದರ ಮೇಲೆ. ಅಂಗಡಿಯಲ್ಲಿ ಚಿನ್ನದ ಬಣ್ಣದ ಚೈನ್ ನೋಡಿರ್ತೀರಿ. ಅದು ಚಿನ್ನ ಅಲ್ಲ, ಸಾಮಾನ್ಯವಾಗಿ ಟೈಟೇನಿಯಂ ನೈಟ್ರೈಡ್ ಲೇಪ. ಹೊರಗಿನ ಪಟ್ಟಿಯ ಬಣ್ಣ ತುಕ್ಕು ತಡೆಯಬಹುದು, ನೋಡೋಕೆ ಚೆನ್ನಾಗಿರಬಹುದು. ಆದರೆ ಸವೆತ ನಡೆಯೋದು ಕಣ್ಣಿಗೆ ಕಾಣದ ಪಿನ್ನಿನಲ್ಲಿ. ಕೇಳಬೇಕಾದ ಪ್ರಶ್ನೆ, “ಪಿನ್ ಗಟ್ಟಿ ಮಾಡಿದ್ದಾರಾ?” ಅನ್ನೋದು. ಹೊರಗಿನ ಬಣ್ಣಕ್ಕೆ ದುಡ್ಡು ಕೊಡಬೇಡಿ.

ಈಗ ಎಣ್ಣೆ ವಿಷಯಕ್ಕೆ ಬರೋಣ. ನಾನು ಮಾಡ್ತಿದ್ದ ದೊಡ್ಡ ತಪ್ಪು ಇಲ್ಲೇ ಇತ್ತು. ಕೆಸರಿರುವ ಚೈನಿನ ಮೇಲೇ ಎಣ್ಣೆ ಸುರೀತಿದ್ದೆ. ಮಣ್ಣಿನಲ್ಲಿರುವ ಮರಳಿನ ಕಣ ಸಾಮಾನ್ಯ ಉಕ್ಕನ್ನು ಗೀರುವಷ್ಟು ಗಟ್ಟಿ. ಅದು ಎಣ್ಣೆ ಜೊತೆ ಸೇರಿದರೆ ಗ್ಯಾರೇಜಿನಲ್ಲಿ ವಾಲ್ವ್ ತಿಕ್ಕೋಕೆ ಬಳಸುವ ಪೇಸ್ಟ್ ಥರ ಆಗುತ್ತೆ. ಮೇಲಿಂದ ಬಿಟ್ಟ ಎಣ್ಣೆ ಆ ಪೇಸ್ಟನ್ನು ಪಿನ್ನಿನ ಸಂದಿಗೆ ಕರ್ಕೊಂಡು ಹೋಗುತ್ತೆ. ನಾನು ಚೈನಿಗೆ ಆರೈಕೆ ಮಾಡ್ತಿದ್ದೀನಿ ಅಂದುಕೊಂಡು ಅರೆಯುತ್ತಾ ಇದ್ದೆ. ಮೋಟಾರ್ ಬೈಕಿನ ಎಷ್ಟೋ ಚೈನುಗಳಲ್ಲಿ ಪಿನ್ನಿನ ಎರಡೂ ಕಡೆ ರಬ್ಬರ್ ಓ-ರಿಂಗ್ ಇದ್ದು ಒಳಗಿನ ಗ್ರೀಸನ್ನು ಕಾಯುತ್ತೆ. ಸೈಕಲ್ ಚೈನಿಗೆ ಆ ಬಾಗಿಲೇ ಇಲ್ಲ.

ಇಲ್ಲಿ ಒಂದು ಸ್ವಾರಸ್ಯದ ವಿಷಯ ಹೇಳ್ತೀನಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸ್ಪೈಸರ್ ಮತ್ತು ಸಂಗಡಿಗರು ಸೈಕಲ್ ಚೈನನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರು. 1999ರಲ್ಲಿ ಫಲಿತಾಂಶ ಬಂತು. ಕಾಲಿನಿಂದ ಹಾಕಿದ ಶಕ್ತಿಯಲ್ಲಿ 98.6 ಪರ್ಸೆಂಟ್‌ವರೆಗೆ ಚೈನ್ ಹಿಂದಿನ ಚಕ್ರಕ್ಕೆ ತಲುಪಿಸಿತು. ದೊಡ್ಡ ಹಲ್ಲುಚಕ್ರಗಳಿದ್ದಾಗ, ಚೈನ್ ಬಿಗಿಯಾಗಿದ್ದಾಗ ಫಲಿತಾಂಶ ಚೆನ್ನಾಗಿತ್ತು. ಆಶ್ಚರ್ಯ ಏನಪ್ಪಾ ಅಂದ್ರೆ, ಯಾವ ಎಣ್ಣೆ ಹಾಕಿದರೂ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಂತ ಎಣ್ಣೆ ಬೇಡ್ವಾ? ಬೇಕು. ಪ್ರಯೋಗಾಲಯದಲ್ಲಿ ಧೂಳಿಲ್ಲ, ಮಳೆಯಿಲ್ಲ. ಸಕಲೇಶಪುರದಲ್ಲಿ ಎರಡೂ ಇವೆ. ಇವತ್ತು ಎಷ್ಟು ಚೆನ್ನಾಗಿ ಓಡುತ್ತೆ ಅನ್ನೋದು ಒಂದು ಪ್ರಶ್ನೆ, ಎಷ್ಟು ತಿಂಗಳು ಓಡುತ್ತೆ ಅನ್ನೋದು ಬೇರೆ ಪ್ರಶ್ನೆ. ಸವೆದ ಚೈನ್ ಕೂಡ ಇವತ್ತು ಚೆನ್ನಾಗೇ ಓಡುತ್ತೆ. ಅದೇ ಅದರ ಅಪಾಯ.

ಹಾಗಾಗಿ ಕ್ರಮ ಹೀಗಿರಲಿ. ಮೊದಲು ಬಟ್ಟೆಯಲ್ಲಿ ಒರೆಸಿ. ತುಂಬಾ ಕೆಸರಿದ್ದರೆ ತೊಳೆದು, ಪೂರ್ತಿ ಒಣಗಿಸಿ. ವಾಟರ್ ಸರ್ವೀಸಿನ ಜೋರು ನೀರನ್ನು ನೇರ ಚೈನಿಗೆ ಬಿಡಬೇಡಿ, ಮಣ್ಣು ಒಳಗೇ ನುಗ್ಗುತ್ತೆ. ಆಮೇಲೆ ಒಂದೊಂದು ರೋಲರ್ ಮೇಲೆ ಒಂದೊಂದೇ ಹನಿ ಚೈನ್ ಎಣ್ಣೆ. ಹತ್ತು ನಿಮಿಷ ಪೆಡಲ್ ತಿರುಗಿಸುತ್ತಾ ಬಿಟ್ಟು, ಹೊರಗಿನ ಎಣ್ಣೆಯನ್ನೆಲ್ಲ ಒರೆಸಿಬಿಡಿ. ಎಣ್ಣೆ ಬೇಕಾಗಿರೋದು ಒಳಗೆ. ಹೊರಗೆ ಉಳಿದಿದ್ದು ಧೂಳು ಹಿಡಿಯೋಕೆ ಮಾತ್ರ. ಮಳೆಗಾಲಕ್ಕೆ ಸ್ವಲ್ಪ ಮಂದ ಎಣ್ಣೆ, ಬೇಸಿಗೆಯ ಧೂಳಿಗೆ ತೆಳ್ಳಗಿನದು. ಅಡುಗೆಮನೆಯ ಕೊಬ್ಬರಿ ಎಣ್ಣೆ, ಗ್ಯಾರೇಜಿನ ಸುಟ್ಟ ಆಯಿಲ್ ಎರಡೂ ಬೇಡ. ಸುಟ್ಟ ಆಯಿಲಿನಲ್ಲಿ ಮೊದಲೇ ಎಂಜಿನ್ನಿನ ಕೊಳೆ ಇರುತ್ತೆ. ಡಬ್ಲ್ಯೂಡಿ-40 ಸ್ಪ್ರೇ? ಅದರ ಹೆಸರಿನ ಅರ್ಥವೇ ನೀರು ಓಡಿಸುವ 40ನೇ ಪ್ರಯತ್ನ ಅಂತ. ಒದ್ದೆ ಚೈನಿನ ನೀರು ಓಡಿಸೋಕೆ ಸರಿ. ಆ ನೀಲಿ ಹಳದಿ ಡಬ್ಬಿಯದು ತೀರಾ ತೆಳು. ಅದನ್ನೇ ಚೈನ್ ಎಣ್ಣೆ ಅಂದುಕೊಂಡರೆ ಬಾಳಿಕೆ ಬರಲ್ಲ.

ಇನ್ನು ಚೈನ್ ನಿಜವಾಗಿ ತುಂಡಾಗೋದು ಯಾವಾಗ? ಹೆಚ್ಚಾಗಿ ಗೇರ್ ಬದಲಿಸುವ ಗಳಿಗೆಯಲ್ಲಿ. ಆಗ ಚೈನ್ ಅರ್ಧ ಒಂದು ಚಕ್ರದಲ್ಲಿ, ಅರ್ಧ ಇನ್ನೊಂದರಲ್ಲಿ ತಿರುಚಿಕೊಂಡಿರುತ್ತೆ. ಆ ಹೊತ್ತಿಗೆ ಏರಿನಲ್ಲಿ ಜೋರಾಗಿ ತುಳಿದರೆ ಹೊರಗಿನ ಪಟ್ಟಿ ಪಿನ್ನಿನ ತುದಿಯಿಂದ ಕಳಚಿಕೊಳ್ಳುತ್ತೆ. 800 ಕೆಜಿ ತಡೆಯುವ ಲೆಕ್ಕ ನೇರ ಎಳೆತಕ್ಕೆ, ತಿರುಚಿದಾಗ ಅದು ನಡೆಯಲ್ಲ. ಏರು ಬರೋದಕ್ಕೆ ಮುಂಚೆಯೇ ಗೇರ್ ಇಳಿಸಿ, ಬದಲಿಸುವಾಗ ಅರೆ ಕ್ಷಣ ಕಾಲು ಹಗುರ ಮಾಡಿ. ಒಮ್ಮೆ ತಳ್ಳಿ ತೆಗೆದ ಪಿನ್ನನ್ನು ಈ ತೆಳ್ಳಗಿನ ಚೈನುಗಳಲ್ಲಿ ಮತ್ತೆ ಬಡಿದು ಕೂರಿಸಬೇಡಿ. ಕೈಯಲ್ಲೇ ಜೋಡಿಸುವ ಕ್ವಿಕ್ ಲಿಂಕ್ ಬರುತ್ತೆ. ದೂರ ಹೋಗುವವರು ನಿಮ್ಮ ಚೈನಿಗೆ ಹೊಂದುವಂಥದ್ದೊಂದು ಜೇಬಿನಲ್ಲಿ ಇಟ್ಟುಕೊಳ್ಳಿ.

ಕಡೆಯದಾಗಿ, ಅಳೆಯೋದು ಹೇಗೆ? ಚೈನ್ ಚೆಕ್ಕರ್ ಅನ್ನೋ ಸಣ್ಣ ಉಪಕರಣ ಇದೆ. ಅದಿಲ್ಲದಿದ್ದರೆ ಮಕ್ಕಳ ಶಾಲೆ ಬ್ಯಾಗಿನಲ್ಲಿರುವ 12 ಇಂಚಿನ ಸ್ಕೇಲ್ ಸಾಕು. ಪೆಡಲ್ ಮೇಲೆ ಸ್ವಲ್ಪ ಭಾರ ಹಾಕಿ ಚೈನ್ ಬಿಗಿ ಮಾಡಿ. ಒಂದು ಪಿನ್ನಿನ ನಡುವಿಗೆ ಸೊನ್ನೆ ಇಡಿ. ಅಲ್ಲಿಂದ 24ನೇ ಪಿನ್ನಿನ ನಡು ಸರಿಯಾಗಿ 12 ಇಂಚಿಗೆ ಬಂದರೆ ಚೈನ್ ಹೊಸದರ ಹಾಗಿದೆ. ಒಂದೂವರೆ ಮಿಲಿಮೀಟರ್ ಮುಂದೆ ಹೋಗಿದ್ದರೆ ಅದು ಅರ್ಧ ಪರ್ಸೆಂಟ್. 11, 12 ಗೇರಿನ ಚೈನ್ ಬದಲಿಸಿ. ಮೂರು ಮಿಲಿಮೀಟರ್ ಹೋಗಿದ್ದರೆ ಚೈನ್ ಒಂದನ್ನೇ ಬದಲಿಸಿ ಸವಾರಿಗೆ ಕೊಡಬೇಡಿ. ಹಿಂದಿನ ಹಲ್ಲುಚಕ್ರಗಳೂ ಹೋಗಿರುವ ಸಾಧ್ಯತೆ ಹೆಚ್ಚು. ಹೊಸ ಚೈನ್ ಹಾಕಿದ ಮೇಲೆ ದೊಡ್ಡವರೊಬ್ಬರು ಸೀಟಿನ ಮೇಲೇ ಕೂತು, ಒಂದೊಂದು ಗೇರಿನಲ್ಲೂ ನಿಧಾನವಾಗಿ ಭಾರ ಹೆಚ್ಚಿಸುತ್ತಾ ಓಡಿಸಿ ನೋಡಿ. ನಾನು ಮಾಡದೇ ಬಿಟ್ಟ ಕೆಲಸ ಇದೊಂದೇ.

ದುಡ್ಡಿನ ಲೆಕ್ಕವೂ ಕೇಳಿ. ನಾನು ಚೈನಿಗೆ ಕೊಟ್ಟಿದ್ದು ಎರಡು ಸಾವಿರ ಚಿಲ್ಲರೆ. ಆಮೇಲೆ ಹಿಂದಿನ ಹಲ್ಲುಚಕ್ರಗಳ ಸೆಟ್ಟಿಗೆ, ಕ್ಯಾಸೆಟ್ ಅಂತಾರೆ ಅದಕ್ಕೆ, ಎಂಟು ಸಾವಿರದ ಹತ್ತಿರ ಹೋಯ್ತು. ಎಕ್ಸ್‌ರೇ, ಪ್ಲಾಸ್ಟರ್ ಖರ್ಚು ಬೇರೆ. ಚೈನನ್ನು ಒಂದು ವರ್ಷ ಮುಂಚೆ ಬದಲಿಸಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ. ಸವೆಯೋದಕ್ಕೆ ಅಂತಲೇ ಇರೋ ಭಾಗ ಚೈನ್. ಅದನ್ನು ಉಳಿಸೋಕೆ ಹೋಗಿ ದುಬಾರಿ ಭಾಗ ಕಳ್ಕೊಂಡೆ.

ನಿಮ್ಮ ಮನೆಯಲ್ಲಿ ಇಂಥ ಹನ್ನೆರಡು ಗೇರಿನ ಸೈಕಲ್ ಇಲ್ಲದೇ ಇರಬಹುದು. ಮಕ್ಕಳಿಗೆ ಕೊಡಿಸಿದ ಏಳು ಗೇರಿನ ಸೈಕಲ್ ಇರಬಹುದು, ಗೇರೇ ಇಲ್ಲದ್ದಿರಬಹುದು. ಅಳತೆಯ ಮಿತಿ ಅವಕ್ಕೆ ಸ್ವಲ್ಪ ಸಡಿಲ, ಸವೆತದ ರೀತಿ ಒಂದೇ. ಮಕ್ಕಳು ಏರಿನಲ್ಲಿ ಎದ್ದು ನಿಂತೇ ತುಳಿಯೋದು. ಬೇಡ ಅಂದ್ರೂ ಕೇಳಲ್ಲ. ಇವತ್ತು ಊಟ ಆದ ಮೇಲೆ ಒಂದು ಟಾರ್ಚು, ಒಂದು ಸ್ಕೇಲು ತಗೊಂಡು ಹೋಗಿ ಐದು ನಿಮಿಷ ನೋಡಿ.

ಅಕ್ಕನ ಮಗನ ಕೈ ಈಗ ಸರಿಹೋಗಿದೆ. ಮೊನ್ನೆ ಫೋನ್ ಮಾಡಿದ್ದ. “ಮಾಮ, ನನ್ನ ಸೈಕಲ್ ಅಳೆದೆ. ಒಂದು ಮಿಲಿಮೀಟರ್ ಜಾಸ್ತಿ ಇದೆ. ಇನ್ನೂ ಓಡಿಸಬಹುದು ಅಲ್ವಾ?” ಓಡಿಸಬಹುದು ಅಂದೆ. ಮುಂದಿನ ತಿಂಗಳು ಮತ್ತೆ ಅಳೆದು ಹೇಳು ಅಂತಾನೂ ಅಂದೆ.